ಎಲ್ಲಿ ಬರದೈತಿ? : ಧಾರವಾಡದ ಬಾಳೂ, ಅಮೆರಿಕದ 1946ರ ಒಂದು ಆಟದ ಹಂಗಾಮು ಮತ್ತು ಕಾಗದವಿಲ್ಲದ ಕರಾರು

ನಮ್ಮದು ವಿಜಯಪುರ ಜಿಲ್ಲೆಯ ಜೈನಾಪುರ. ನಮ್ಮ ಕಡೆ ಆಟ ಅಂದರೆ ಹುತುತು, ಕುಸ್ತಿ, ಕಾರಹುಣ್ಣಿಮೆ ಹೊತ್ತಿಗೆ ಗುಂಡು ಎತ್ತುವುದು. ಊರು ಬಿಟ್ಟು ಓದಲಿಕ್ಕೆ ಹೋದ ಒಂದು ಸಾಲಿಯಲ್ಲಿ ನಾನು ಹುತುತು ತಂಡದಲ್ಲಿದ್ದೆ. ಹುತುತು ಮುಟ್ಟುವ ಆಟ. ಮುಟ್ಟಿದರೇ ಆಟ, ಮುಟ್ಟದಿದ್ದರೆ ಆಟವೇ ಇಲ್ಲ. ಮೇಲಿನ ಓಣಿಯ ಹುಡುಗರು ನನ್ನ ಕಾಲು ಹಿಡಿದು ಎಳೆಯುತ್ತಿದ್ದರು, ಎದೆಯ ಮೇಲೆ ಕೂಡ್ರುತ್ತಿದ್ದರು. ನನ್ನ ಬೆವರು ಅವರ ಮೈಗೆ, ಅವರ ಬೆವರು ನನ್ನ ಮೈಗೆ ಹತ್ತುತ್ತಿತ್ತು. ಸೀಟಿ ಊದಿ ಆಟ ಮುಗಿಯಿತೋ, ಎಲ್ಲರೂ ನೀರಿನ ಹರವಿಯ ಕಡೆ ಓಡುವವರು. ಅವರು ತಾವೇ ತಂಬಗಿ ಅದ್ದಿ ಕುಡಿಯುವವರು. ನಾನು ಬೊಗಸೆ ಹಿಡಿದು ನಿಲ್ಲಬೇಕು. ಯಾರಾದರೂ ಮ್ಯಾಲಿಂದ ಹೊಯ್ಯಬೇಕು. ಒಂದು ದಿನ ಧೈರ್ಯ ಮಾಡಿ ಮಾಸ್ತರರನ್ನು ಕೇಳಿದೆ. ಅವರು ಸಿಟ್ಟಿಗೇಳಲಿಲ್ಲ, ನಕ್ಕರು. "ಹಂಗಂತ ಎಲ್ಲ್ಯರೆ ಬರದೈತೇನಲೇ? ತೋರ್ಸು ನೋಡೂಣು" ಅಂದರು.

ನಾನು ಎಲ್ಲಿಂದ ತೋರಿಸಲಿ? ರಜೆಗೆ ಊರಿಗೆ ಬಂದಾಗ ಮುತ್ಯಾನ ಮುಂದೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದಿದ್ರ ಅಳಸಾಕಾದ್ರೂ ಬರತಿತ್ತು, ತಮ್ಮಾ" ಅಂದ.

ಈ ಬರಹ ಮಾಸ್ತರರ ಪ್ರಶ್ನೆ ಮತ್ತು ಮುತ್ಯಾನ ಮಾತು, ಇವೆರಡರ ನಡುವೆ ಹುಟ್ಟಿದ್ದು. ನಮ್ಮ ಚರಿತ್ರೆಕಾರರೂ ಅನೇಕ ಸಲ ಆ ಮಾಸ್ತರರ ಹಾಗೆಯೇ ಕೇಳುತ್ತಾರೆ: ದಾಖಲೆ ಎಲ್ಲಿ? ಶಾಸನವಿದೆಯೇ, ಠರಾವು ಇದೆಯೇ, ಸಹಿ ಇದೆಯೇ? ಇಲ್ಲವಾದರೆ ಅದು ಬರೀ ನೋವಿನ ಮಾತು, ಚರಿತ್ರೆಯಲ್ಲ. ದಲಿತ ವಿಮರ್ಶೆ ಸಾಹಿತ್ಯದ ಪಠ್ಯಗಳನ್ನು ಮರು ಓದಿದ್ದು ಸಾಕಷ್ಟಾಯಿತು. ಬರೆಯದೇ ಉಳಿದ ಪಠ್ಯಗಳನ್ನು ಓದುವುದು ಹೇಗೆ ಎಂಬುದನ್ನು ನಾವಿನ್ನೂ ಕಲಿಯಬೇಕಾಗಿದೆ. ಅದಕ್ಕೆ ಆಟದ ಮೈದಾನ ಒಳ್ಳೆಯ ಸಾಲಿ ಎಂದು ನನಗೆ ಅನ್ನಿಸಿದೆ. ಯಾಕೆಂದರೆ ಅಲ್ಲಿ ರನ್ನು, ವಿಕೆಟ್ಟು, ಗಜ, ನಿಮಿಷ ಎಲ್ಲವನ್ನೂ ಬರೆದಿಡುತ್ತಾರೆ. ಒಂದನ್ನು ಮಾತ್ರ ಬರೆಯುವುದಿಲ್ಲ.

*

1946ರ ಜುಲೈ ಹೊತ್ತಿಗೆ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸರಿಗೆ ಒಂದು ಕಾಗದ ಬರೆದರು. ತಾನು ಕಪ್ಪು ಜನರ ಸಮಸ್ಯೆಯನ್ನು ಓದಿಕೊಂಡವನು, ಅವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದು ಅದರಲ್ಲಿ ತಿಳಿಸಿ, ಅಲ್ಲಿನ ಕಪ್ಪು ಸಂಘಟನೆ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಗಳನ್ನು ಕೇಳಿದರು. ಡುಬಾಯ್ಸ್ ಜುಲೈ 31ರಂದು ಉತ್ತರ ಕೊಟ್ಟರು. ಈ ಕಾಗದದ ವಿಷಯ ಓದಿದ ಮೇಲೆ ನನಗೆ ಒಂದು ಕುತೂಹಲ ಹುಟ್ಟಿತು: ಬಾಬಾಸಾಹೇಬರು ಕಾಗದ ಬರೆದ ಆ ವರ್ಷ ಅಲ್ಲಿನ ಕಪ್ಪು ಜನರ ದಿನದ ಬದುಕಿನಲ್ಲಿ ಏನು ನಡೆದಿತ್ತು? ಹುಡುಕುತ್ತ ಹೋದಾಗ ಸಿಕ್ಕದ್ದು ವೃತ್ತಿಪರ ಫುಟ್‌ಬಾಲಿನ ಒಂದು ಹಂಗಾಮು. ಅದನ್ನು ಓದುತ್ತ ಹೋದಂತೆ ನನಗೆ ನೆನಪಾದವನು ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬ ಮನುಷ್ಯ. ಮೊದಲು ಅವನ ಕತೆ ಹೇಳಿ ಆಮೇಲೆ ಸಮುದ್ರ ದಾಟುತ್ತೇನೆ.

*

ಪಾಲವಣಕರ ಬಾಳೂ ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಮೂಲ ಕೊಂಕಣದ ಪಾಲವಣ. ಜಾತಿ ಚಾಂಭಾರ, ನಮ್ಮ ಮಾತಿನಲ್ಲಿ ಸಮಗಾರ. ತಂದೆ ಬ್ರಿಟಿಷರ ಸೈನ್ಯದಲ್ಲಿದ್ದ ಕಾರಣ ಕುಟುಂಬ ಪುಣೆ ಸೇರಿತು. ಅಲ್ಲಿ ಹುಡುಗ ಬಾಳೂ ಒಂದು ಪಾರ್ಸಿ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ, ಪಿಚ್ಚು ಉರುಳಿಸುವ ಕೆಲಸಕ್ಕೆ ಸೇರಿದ. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಬಲೆ ಕಟ್ಟುವುದು, ಗೆರೆ ಹಾಕುವುದು, ಜೊತೆಗೆ ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆಯುವುದು. ಎಡಗೈಯ ನಿಧಾನ ಬೌಲರ್ ಆಗಿ ಅವನು ಹದಗೊಂಡಿದ್ದು ಹೀಗೆ ದುಡಿಯುತ್ತಲೇ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ಬ್ಯಾಟು ಹಿಡಿಯುವುದು ಸಾಹೇಬರ ಕೆಲಸ, ಚೆಂಡು ಹಾಕುವುದು ಆಳಿನ ಕೆಲಸ. ನಮ್ಮ ಗದ್ದೆ-ಹೊಲದ ಲೆಕ್ಕವೂ ಇದೇ ಅಲ್ಲವೇ?

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸಬೇಕಾಗಿತ್ತು. ಬಾಳೂ ಇಲ್ಲದೆ ಅದು ಆಗದು. ಕರೆದರು. ಮೈದಾನದೊಳಗೆ ಬ್ರಾಹ್ಮಣರೂ ಅವನೂ ಅದೇ ಚೆಂಡು ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಕ್ಲಬ್ಬಿನ ನಿಯಮಗಳಲ್ಲಿ ಹೀಗೆಂದು ಬರೆದಿತ್ತೇ? ಬರೆಯುವ ಅಗತ್ಯವೇ ಇರಲಿಲ್ಲ. ಚಹಾ ಹೊಯ್ಯುವ ಆಳಿಗೂ ಅದು ಗೊತ್ತಿತ್ತು.

ಪ್ಲೇಗಿನ ಕಾಲಕ್ಕೆ ಅವನು ಮುಂಬೈಗೆ ಹೋದ. ಅಲ್ಲಿನ ಹಿಂದೂ ಜಿಮ್ಖಾನಾ ಅವನನ್ನು ತಂಡಕ್ಕೆ ಸೇರಿಸಿಕೊಂಡಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅದರ ಬೆನ್ನೆಲುಬಾಗಿ ನಿಂತವರು ಬಾಳೂ ಮತ್ತು ಅವನ ತಮ್ಮ ಶಿವರಾಮ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಸೋತ ಪಂದ್ಯಗಳೇ ಹೆಚ್ಚು. ಆ ಸೋಲಿನ ಪ್ರವಾಸದಲ್ಲಿ ಬಾಳೂ ಒಬ್ಬನೇ ತೆಗೆದದ್ದು 114 ವಿಕೆಟ್ಟು.

ಇಷ್ಟಾದ ಮೇಲೆ ನಾಯಕತ್ವದ ಪ್ರಶ್ನೆ ಬಂತು. ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಎಂಬ ನಾಲ್ಕು ತಂಡಗಳ ಪಂದ್ಯಾವಳಿ 1912ರಲ್ಲಿ ಶುರುವಾಯಿತು. ವರ್ಷ ವರ್ಷವೂ ಹಿಂದೂ ತಂಡಕ್ಕೆ ಯಾರೋ ಒಬ್ಬ ನಾಯಕನಾಗುತ್ತಾನೆ, ಬಾಳೂ ಆಗುವುದಿಲ್ಲ. 1913ರಲ್ಲಿ ನಾಯಕನಾದ ಎಂ.ಡಿ. ಪೈ ತನ್ನ ಸನ್ಮಾನದ ಸಭೆಯಲ್ಲೇ, ಈ ಗೌರವ ಹಿರಿಯನೂ ಅನುಭವಿಯೂ ಆದ ಬಾಳೂಗೆ ಸಲ್ಲಬೇಕಿತ್ತು ಎಂದು ಹೇಳಿದ. ಈ ಮಾತು ನನಗೆ ಮುಖ್ಯ. ತಂಡದ ಯಾವ ಠರಾವಿನಲ್ಲೂ ಇಲ್ಲದ ಒಂದು ಕರಾರು ಆ ನಾಯಕನ ಬಾಯಿಂದಲೇ ಹೊರಬಿತ್ತು. ಕಾಗದದಲ್ಲಿ ಸಿಗದ ದಾಖಲೆ ಹೀಗೆ ಸಜ್ಜನನೊಬ್ಬನ ಮುಜುಗರದಲ್ಲಿ ಸಿಗುತ್ತದೆ.

1920ರಲ್ಲಿ ವಿಷಯ ಸಿಡಿಯಿತು. ಮೊದಲ ಪಂದ್ಯಕ್ಕೆ ಪೈ ಇರಲಿಲ್ಲ. ಆಯ್ಕೆದಾರರು ಕಿರಿಯನಾದ ಡಿ.ಬಿ. ದೇವಧರನನ್ನು ನಾಯಕನನ್ನಾಗಿ ಮಾಡಿದರು. ಬಾಳೂನನ್ನು ತಂಡದಿಂದಲೇ ಕೈಬಿಟ್ಟರು. ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ತಂಡದಿಂದ ಹೊರಬಂದು, ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂದು ಸಾರ್ವಜನಿಕವಾಗಿ ಹೇಳಿದರು. ಜನರೂ ಅವರ ಪರ ದನಿ ಎತ್ತಿದರು. ಮುಂದಿನ ಪಂದ್ಯಕ್ಕೆ ಬಾಳೂ ಉಪನಾಯಕನಾಗಿ ಮರಳಿದ. ಪೈ ಸ್ವಲ್ಪ ಹೊತ್ತು ಮೈದಾನ ಬಿಟ್ಟುಕೊಟ್ಟು ಅವನಿಗೆ ತಂಡ ನಡೆಸಲು ಬಿಟ್ಟ. ಬಾಳೂಗೆ ದಕ್ಕಿದ್ದು ಅಷ್ಟೇ. 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕನಾದ. ಆ ವರ್ಷ ತಂಡ ಯುರೋಪಿಯನ್ನರನ್ನು ಸೋಲಿಸಿ ಗೆದ್ದಿತು. ವಿಠ್ಠಲ ತನ್ನ ಆಟದ ಬದುಕನ್ನು ಮರಾಠಿಯಲ್ಲಿ ಬರೆದಿಟ್ಟ. ಆ ಆತ್ಮಕತೆ 1948ರಲ್ಲಿ ಬಂತು.

1923 ಎಂಬ ವರ್ಷವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದೇ ವರ್ಷ ಆಗಸ್ಟ್ 4ರಂದು ಮುಂಬೈ ವಿಧಾನ ಪರಿಷತ್ತು ಎಸ್.ಕೆ. ಬೋಲೆಯವರ ಠರಾವನ್ನು ಒಪ್ಪಿತು: ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಬಾವಿ, ಕೆರೆ, ಧರ್ಮಶಾಲೆ, ಸಾಲಿ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು. ಆಗ ಬಿಜಾಪುರ ಜಿಲ್ಲೆಯೂ, ಧಾರವಾಡವೂ ಮುಂಬೈ ಪ್ರಾಂತದಲ್ಲೇ ಇದ್ದವು. ಅಂದರೆ ನಮ್ಮೂರ ಬಾವಿಗೂ ಆ ಠರಾವು ಲಾಗೂ ಆಗಿತ್ತು. ಮುತ್ಯಾ ಬೊಗಸೆ ಹಿಡಿದು ನಿಂತ ಕಾಲಕ್ಕೆ, ನಿಲ್ಲಬೇಕಾಗಿಲ್ಲ ಅಂತ ಎಲ್ಲೋ ಬರೆದಿತ್ತು! ಅವನಿಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸುವ ನಿಯಮ ಬರೆಯದೆಯೂ ನಡೆಯಿತು. ತೆರೆಯುವ ನಿಯಮ ಬರೆದರೂ ನಡೆಯಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದ್ದು ಈ ಎರಡು ಸಂಗತಿಗಳ ನಡುವೆ ಇದ್ದ ಬಿರುಕಿನಲ್ಲಿ ಕೈಯಿಟ್ಟ ಹಾಗೆ. ಅವರು ಕರುಣೆ ಕೇಳಲಿಲ್ಲ. ಕೆರೆ ಯಾರದು, ಅದನ್ನು ಯಾರ ಹಣ ನಡೆಸುತ್ತದೆ ಎಂದು ಕೇಳಿದರು.

*

ಇನ್ನು ಸಮುದ್ರದ ಆಚೆ ಹೋಗೋಣ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಲ್ಲ. ಚೆಂಡು ತತ್ತಿಯ ಆಕಾರದ್ದು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿನವರ ಗೆರೆ ದಾಟಬೇಕು. ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು. ಹುತುತು ಆಡಿದವರಿಗೆ ಬೇಗ ತಿಳಿಯುತ್ತದೆ: ಇದೂ ಮುಟ್ಟುವ ಆಟವೇ.

ಅಲ್ಲಿ ವೃತ್ತಿಪರ ಲೀಗು 1920ರಲ್ಲಿ ಹುಟ್ಟಿದಾಗ ಕಪ್ಪು ಆಟಗಾರರು ಇದ್ದರು. ಮೊದಲ ವರ್ಷದ ಚಾಂಪಿಯನ್ ಆಕ್ರನ್ ತಂಡದ ದೊಡ್ಡ ಆಟಗಾರ ಫ್ರಿಟ್ಜ್ ಪೊಲಾರ್ಡ್ ಕಪ್ಪು ಮನುಷ್ಯ. ಮುಂದಿನ ವರ್ಷ ಆ ತಂಡಕ್ಕೆ ತರಬೇತುದಾರನೂ ಆದ. ನಮಗೆಲ್ಲ ಹಾಡುಗಾರನೆಂದೇ ಗೊತ್ತಿರುವ ಪಾಲ್ ರೋಬ್ಸನ್ ಕೂಡ 1921-22ರಲ್ಲಿ ಈ ಲೀಗಿನಲ್ಲಿ ಆಡಿದವನು. 1933ರವರೆಗೆ ಹೀಗೆ 13 ಜನ ಬಂದು ಹೋದರು. ಆ ವರ್ಷ ಉಳಿದವರು ಇಬ್ಬರು, ಜೋ ಲಿಲಾರ್ಡ್ ಮತ್ತು ರೇ ಕೆಂಪ್. ಮರುವರ್ಷ ಒಬ್ಬರೂ ಇಲ್ಲ. 1934ರಿಂದ 1945ರವರೆಗೆ, 12 ಹಂಗಾಮು, ಒಬ್ಬರೂ ಇಲ್ಲ.

ನಿಯಮಾವಳಿಯಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ. ಠರಾವಿಲ್ಲ, ಸಹಿಯಿಲ್ಲ. ಮುಂದೆ ಕೇಳಿದವರಿಗೆ ಮಾಲೀಕರು ಅಂಥ ಒಪ್ಪಂದವೇ ಇರಲಿಲ್ಲ ಅಂದರು. ತಕ್ಕ ಆಟಗಾರರು ಸಿಗಲಿಲ್ಲ ಎಂದರು. ಬಿಳಿಯರು ಅವರನ್ನು ಹೊಡೆದು ಹಾಕುತ್ತಾರೆ, ಅವರ ಒಳ್ಳೆಯದಕ್ಕೇ ದೂರ ಇಟ್ಟೆವು ಎಂಬ ಮಾತೂ ಬಂತು. ನಮಗಿದು ಹೊಸ ಮಾತೇ? ಗುಡಿಯೊಳಗೆ ಬಂದರೆ ನಿಮಗೇ ಕೇಡು ಎಂದು ನಮ್ಮ ಹಿರಿಯರಿಗೂ ಹೇಳುತ್ತಿದ್ದರು.

ತಕ್ಕವರು ಸಿಗಲಿಲ್ಲ ಎಂಬ ಮಾತಿಗೆ ಉತ್ತರ ಒಂದೇ ಹೆಸರು: ಕೆನ್ನಿ ವಾಷಿಂಗ್ಟನ್. 1939ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಚೆಂಡನ್ನು ಅತಿ ಹೆಚ್ಚು ಗಜ ಮುಂದೆ ಒಯ್ದವನು ಅವನು. ಅದೇ ತಂಡದಲ್ಲಿ ವುಡಿ ಸ್ಟ್ರೋಡ್ ಇದ್ದ, ಮುಂದೆ ಬೇಸ್‌ಬಾಲಿನಲ್ಲಿ ಹೆಸರಾದ ಜಾಕಿ ರಾಬಿನ್ಸನ್ ಇದ್ದ. ದೊಡ್ಡ ಲೀಗು ವಾಷಿಂಗ್ಟನ್ನನನ್ನು ಕರೆಯಲಿಲ್ಲ. ಅವನು ಪಶ್ಚಿಮ ಕರಾವಳಿಯ ಸಣ್ಣ ಲೀಗಿನಲ್ಲಿ ಮೊಣಕಾಲು ಸವೆಸಿಕೊಂಡ.

1945ರ ಚಾಂಪಿಯನ್ ಆಗಿದ್ದ ಕ್ಲೀವ್‌ಲ್ಯಾಂಡಿನ ರ‍್ಯಾಮ್ಸ್ ತಂಡ 1946ರ ಜನವರಿಯಲ್ಲಿ ಲಾಸ್ ಏಂಜಲೀಸಿಗೆ ಬಂತು. ಆಡಲಿಕ್ಕೆ ಊರ ದೊಡ್ಡ ಕ್ರೀಡಾಂಗಣವಾದ ಕೊಲೀಸಿಯಂ ಬೇಕಾಗಿತ್ತು. ಅದು ಸಾರ್ವಜನಿಕರದ್ದು. ಜನವರಿ 15ರಂದು ಕೊಲೀಸಿಯಂ ಆಯೋಗದ ಸಭೆ. ಅಲ್ಲಿ ಎದ್ದು ನಿಂತವರು ಕಪ್ಪು ಪತ್ರಿಕೆಗಳವರು. ಅವರಲ್ಲಿ ಹ್ಯಾಲಿ ಹಾರ್ಡಿಂಗ್ ಎಂಬ ಪತ್ರಕರ್ತ ಲೀಗಿನ ಚರಿತ್ರೆಯನ್ನೆಲ್ಲ ಸಭೆಯ ಮುಂದೆ ಹರಡಿದ. ಮೊದಲು ಯಾರ‍್ಯಾರು ಆಡಿದರು, ಯಾವಾಗ ನಿಂತಿತು, ಯುದ್ಧದಲ್ಲಿ ಕಪ್ಪು ಜನ ಪ್ರಾಣ ಕೊಟ್ಟಿಲ್ಲವೇ, ನಮ್ಮ ತೆರಿಗೆಯಿಂದ ನಡೆಯುವ ಮೈದಾನದಲ್ಲಿ ನಮ್ಮನ್ನು ಹೊರಗಿಟ್ಟ ತಂಡ ಹೇಗೆ ಆಡೀತು, ಕೆನ್ನಿ ವಾಷಿಂಗ್ಟನ್ ಎಲ್ಲಿ? ರ‍್ಯಾಮ್ಸ್‌ನವರು ಒಪ್ಪಬೇಕಾಯಿತು. ಮಾರ್ಚ್ 21ರಂದು ವಾಷಿಂಗ್ಟನ್, ಮೇ ತಿಂಗಳಲ್ಲಿ ಸ್ಟ್ರೋಡ್ ಕರಾರಿಗೆ ಸಹಿ ಹಾಕಿದರು. ಆಗಸ್ಟಿನಲ್ಲಿ, ಆ ವರ್ಷವೇ ಹುಟ್ಟಿದ ಎದುರಾಳಿ ಲೀಗಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಬಿಲ್ ವಿಲ್ಲಿಸ್ ಮತ್ತು ಮೇರಿಯನ್ ಮೋಟ್ಲಿಯನ್ನು ಸೇರಿಸಿಕೊಂಡಿತು. ಜಾಕಿ ರಾಬಿನ್ಸನ್ ದೊಡ್ಡ ಬೇಸ್‌ಬಾಲಿಗೆ ಕಾಲಿಟ್ಟಿದ್ದು 1947ರ ಏಪ್ರಿಲ್‌ನಲ್ಲಿ. ಅದನ್ನು ಜಗತ್ತು ನೆನೆಯುತ್ತದೆ. ಒಂದು ವರ್ಷ ಮೊದಲು ಬಾಗಿಲು ತಳ್ಳಿದ ಈ ನಾಲ್ವರನ್ನು ಬಲ್ಲವರು ಕಡಿಮೆ.

ಹಂಗಾಮು ಹೇಗೆ ನಡೆಯಿತು? ದಾಖಲೆ ಪುಸ್ತಕ ಹೇಳುವುದಿಷ್ಟು: 1946ರ ಪಟ್ಟ ಶಿಕಾಗೋ ಬೇರ್ಸ್ ತಂಡಕ್ಕೆ; ಅಂತಿಮ ಪಂದ್ಯದಲ್ಲಿ ಅದು ನ್ಯೂಯಾರ್ಕ್ ಜೈಂಟ್ಸನ್ನು 24-14ರಿಂದ ಸೋಲಿಸಿತು. ರ‍್ಯಾಮ್ಸ್ 6 ಗೆದ್ದು 4 ಸೋತಿತು, 1 ಸಮ. ವಾಷಿಂಗ್ಟನ್ 23 ಸಲ ಚೆಂಡು ಹಿಡಿದು ಓಡಿದ, 114 ಗಜ. ಸ್ಟ್ರೋಡ್ ಹಿಡಿದದ್ದು 4 ಚೆಂಡು. ಈ ಪುಟವನ್ನಷ್ಟೇ ನೋಡಿದ ವಿಮರ್ಶಕ ಏನನ್ನುತ್ತಾನೆ? ಸಾಧಾರಣ ಆಟಗಾರರು, ಅವಕಾಶ ಕೊಟ್ಟರೂ ಏನೂ ಮಾಡಲಿಲ್ಲ ಅನ್ನುತ್ತಾನೆ. ಮೀಸಲಾತಿಯಲ್ಲಿ ಬಂದ ನಮ್ಮ ಹುಡುಗರ ಬಗ್ಗೆ ಆಡುವ ಮಾತೂ ಇದೇ ತಕ್ಕಡಿಯದು. 23 ಸಲ ಎಂಬ ಅಂಕಿಯ ಹಿಂದೆ ಕಾಯಿಸಿ ಕಳೆದ ವರ್ಷಗಳಿವೆ, ಶಸ್ತ್ರಚಿಕಿತ್ಸೆಯಾದ ಮೊಣಕಾಲಿದೆ. 21ನೇ ವಯಸ್ಸಿನಲ್ಲಿ ಬರಬೇಕಾದವನನ್ನು 28ಕ್ಕೆ ಮೈದಾನಕ್ಕೆ ಇಳಿಸಿ, ಓಟ ಕಡಿಮೆಯಾಯಿತು ಅನ್ನುವುದು ಯಾವ ನ್ಯಾಯ? ಅದೇ ಮುರಿದ ಕಾಲಲ್ಲಿ ಅವನು 1947ರಲ್ಲಿ ಒಂದೇ ಓಟಕ್ಕೆ 92 ಗಜ ಓಡಿದ. ಸ್ಟ್ರೋಡನನ್ನು ಒಂದೇ ಹಂಗಾಮಿಗೆ ಬಿಟ್ಟುಬಿಟ್ಟರು. ಮುಂದೆ ಸಿನಿಮಾ ನಟನಾಗಿ ಹೆಸರು ಮಾಡಿದ ಅವನು, ಆ ವರ್ಷ ತನ್ನ ಬದುಕಿನಲ್ಲೇ ಕೀಳಾದ ಕಾಲ ಎಂಬ ಅರ್ಥದ ಮಾತಾಡಿದ್ದಾನೆ. ಮೊದಲಿಗನಾಗುವುದು ಹಾರ ಹಾಕಿಸಿಕೊಳ್ಳುವುದಲ್ಲ.

ಇನ್ನೊಂದು ಲೀಗಿನಲ್ಲಿ ಚಿತ್ರ ಬೇರೆ. ವಿಲ್ಲಿಸ್ ಮತ್ತು ಮೋಟ್ಲಿ ಹರೆಯದಲ್ಲೇ ಬಂದವರು. ಡಿಸೆಂಬರ್‌ನಲ್ಲಿ ಬ್ರೌನ್ಸ್ ತಂಡ ಆ ಲೀಗಿನ ಮೊದಲ ಪಟ್ಟ ಗೆದ್ದಿತು. ಆದರೆ ಅದೇ ತಿಂಗಳು ಮಯಾಮಿಯ ಪಂದ್ಯಕ್ಕೆ ಇವರಿಬ್ಬರನ್ನೂ ಮನೆಯಲ್ಲೇ ಬಿಟ್ಟು ಹೋಗಬೇಕಾಯಿತು. ಕಪ್ಪು-ಬಿಳಿ ಒಂದೇ ಮೈದಾನದಲ್ಲಿ ಆಡುವುದಕ್ಕೆ ಫ್ಲಾರಿಡಾ ರಾಜ್ಯ ಬಿಡುತ್ತಿರಲಿಲ್ಲ. ಉತ್ತರದಲ್ಲಿ ಬರೆಯದ ಕರಾರು, ದಕ್ಷಿಣದಲ್ಲಿ ಬರೆದ ಕಾನೂನು. ಇವೆರಡೂ ಅಣ್ಣತಮ್ಮಂದಿರು. ಪುಣೆಯ ಮಣ್ಣಿನ ಕುಡಿಕೆ ಇಲ್ಲಿ ರೈಲು ಹತ್ತದ ಟಿಕೀಟಾಗಿತ್ತು.

ರಾಜಧಾನಿ ವಾಷಿಂಗ್ಟನ್ನಿನ ತಂಡವಂತೂ 1962ರವರೆಗೆ ಕಪ್ಪು ಆಟಗಾರರನ್ನು ಇಳಿಸಲಿಲ್ಲ. ಅದರ ಹಟ ಮುರಿದದ್ದು ಹೇಗೆ? ಹೊಸ ಕ್ರೀಡಾಂಗಣ ಕೇಂದ್ರ ಸರಕಾರದ ನೆಲದ ಮೇಲಿತ್ತು. ಭೇದ ಮಾಡುವ ತಂಡಕ್ಕೆ ಆ ನೆಲ ಇಲ್ಲವೆಂದು ಸರಕಾರ ಹೇಳಿತು. ಮತ್ತೆ ಅದೇ ಪ್ರಶ್ನೆ: ನೆಲ ಯಾರದು?

*

ಹೋಲಿಕೆಯನ್ನು ಎಳೆದಾಡಿ ಹರಿಯುವುದು ನನಗೆ ಇಷ್ಟವಿಲ್ಲ. ಬಣ್ಣ ಕಣ್ಣಿಗೆ ಕಾಣುತ್ತದೆ. ಜಾತಿ ಕೇಳಿ ತಿಳಿಯಬೇಕು. ಅದಕ್ಕೇ ನಮ್ಮಲ್ಲಿ ಹೆಸರು, ಓಣಿ, ಊಟ ಎಲ್ಲವೂ ಕೇಳುವ ಕಿವಿಗಳಾಗಿವೆ. ಇನ್ನೊಂದು ವ್ಯತ್ಯಾಸ ಹೆಚ್ಚು ಕಹಿಯಾದದ್ದು. ಅಮೆರಿಕದ ಮಾಲೀಕರಿಗೆ ಕಪ್ಪು ಆಟಗಾರ ಬೇಡವಾಗಿದ್ದ, ಹೊರಗಿಟ್ಟರು. ನಮ್ಮಲ್ಲಿ ಬಾಳೂ ಬೇಕಾಗಿದ್ದ. ಯುರೋಪಿಯನ್ನರ ಎದುರು ಎಣಿಸುವಾಗ ಅವನು ಹಿಂದೂ. ಚಹಾ ಹೊಯ್ಯುವಾಗ ಚಾಂಭಾರ. ಬೌಲಿಂಗಿಗೆ ಒಳಗೆ, ನಾಯಕತ್ವಕ್ಕೆ ಹೊರಗೆ. ದುಡಿಮೆಗೆ ಸೇರಿಸಿಕೊಂಡು ಅಧಿಕಾರದಿಂದ ದೂರ ಇಡುವ ಈ ಒಳಗು-ಹೊರಗಿನ ಯಜಮಾನಿಕೆಯನ್ನು ಅರಿಯದೆ ನಮ್ಮ ರಾಜಕೀಯ ಚರಿತ್ರೆಯೂ ಅರ್ಥವಾಗದು.

ಇಲ್ಲಿಯೇ ಒಂದು ಕಷ್ಟದ ಮಾತನ್ನೂ ಆಡಬೇಕು. ಬಾಳೂನನ್ನು ನಮ್ಮ ವೀರನೆಂದು ಪಟ ಮಾಡಿ ತೂಗುಹಾಕುವುದು ಸುಲಭ. ಆದರೆ 1932ರಲ್ಲಿ ಅವನು ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಬಾಬಾಸಾಹೇಬರ ವಿರುದ್ಧ ನಿಂತ. ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. 1937ರಲ್ಲಿ ಕಾಂಗ್ರೆಸ್ ಅವನನ್ನೇ ಮುಂಬೈಯಲ್ಲಿ ಬಾಬಾಸಾಹೇಬರ ಎದುರು ಚುನಾವಣೆಗೆ ಇಳಿಸಿತು. ಸುಮಾರು 2000 ಮತಗಳಿಂದ ಅವನು ಸೋತ. ನಾಯಕತ್ವಕ್ಕೆ ಕರೆಯದ ಸಮಾಜ, ಅಂಬೇಡ್ಕರರನ್ನು ಸೋಲಿಸಲು ಮಾತ್ರ ಅವನನ್ನು ಮುಂದೆ ಬಿಟ್ಟಿತು. ಇದನ್ನು ಮುಚ್ಚಿಟ್ಟರೆ ನಾವೂ ಆ ಮಾಲೀಕರ ಹಾಗೆ ಬರೆಯದ ಕರಾರು ಮಾಡಿಕೊಂಡಂತೆ. ಇದನ್ನೇ ಹಿಡಿದು ಅವನ 114 ವಿಕೆಟ್ಟನ್ನು ಅಳಿಸಿದರೂ ಅದೇ. ಜೀವಮಾನವಿಡೀ ಒಳಗೆ ಕರೆಸಿಕೊಳ್ಳುವ ಆಸೆಯಲ್ಲಿ ಆಡಿದವನು ಹಿಂದೂ ಒಗ್ಗಟ್ಟನ್ನು ನಂಬಿದ್ದು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಅವನು 1955ರಲ್ಲಿ ತೀರಿಕೊಂಡ. ಅವನು ಆಡಿದ ಪಂದ್ಯಾವಳಿ ಅದಕ್ಕೂ ಮೊದಲೇ, ಅದೇ 1946ರಲ್ಲಿ, ಕೊನೆಯಾಗಿತ್ತು. ಧರ್ಮದ ಹೆಸರಿನ ತಂಡಗಳು ಹೋದವು. ಒಂದು ತಂಡದೊಳಗಿನ ಕುಡಿಕೆಯ ಲೆಕ್ಕವನ್ನು ಯಾರೂ ಕೇಳಲಿಲ್ಲ.

*

ಮಾಸ್ತರರ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ. ಎಲ್ಲಿ ಬರೆದೈತಿ? ಹೆಸರಿಲ್ಲದ ಪಟ್ಟಿಯಲ್ಲಿ ಬರೆದೈತಿ. 12 ಹಂಗಾಮಿನ ಖಾಲಿ ಕಾಲಮ್ಮಿನಲ್ಲಿ ಬರೆದೈತಿ. ಪೈಯ ಮುಜುಗರದಲ್ಲಿ, 28ಕ್ಕೆ ಬಂದವನ ಮೊಣಕಾಲಲ್ಲಿ ಬರೆದೈತಿ. ಹೊರಗಿಡುವವರು ದಾಖಲೆ ಬಿಡುವುದಿಲ್ಲ; ಹೊರಗಿಟ್ಟ ಗುರುತನ್ನು ಬಿಡುತ್ತಾರೆ. ಇದ್ದವರು ಒಮ್ಮೆಗೇ ಇಲ್ಲವಾದರೆ, ದುಡಿಯುವ ಜಾಗದಲ್ಲಿದ್ದವರು ಆಳುವ ಜಾಗದಲ್ಲಿ ಕಾಣದಿದ್ದರೆ, ಆ ಇಲ್ಲದಿರುವಿಕೆಯೇ ಶಾಸನ. ದಲಿತ ವಿಮರ್ಶೆ ಅದನ್ನು ಕಲ್ಲಿನ ಶಾಸನದಷ್ಟೇ ಶ್ರದ್ಧೆಯಿಂದ ಓದಬೇಕು.

ಎರಡನೆಯ ಮಾತು ಕಾರ್ಯಕರ್ತರಿಗೆ. ಮಹಾಡದಲ್ಲೂ ಕೊಲೀಸಿಯಂನಲ್ಲೂ ಬಾಗಿಲು ತೆರೆದದ್ದು ಮನಪರಿವರ್ತನೆಯಿಂದಲ್ಲ, ನೆಲ-ನೀರು ಯಾರ ಹಣದ್ದು ಎಂಬ ಪ್ರಶ್ನೆಯಿಂದ. ಸಂವಿಧಾನದ 15ನೇ ವಿಧಿಯ ಎರಡನೆಯ ಕಲಮಿನಲ್ಲಿ ಆ ಪ್ರಶ್ನೆಯೇ ಕಾನೂನಾಗಿ ನಿಂತಿದೆ. ಸರಕಾರದ ಹಣದಿಂದ ಪೂರಾ ಅಥವಾ ಸ್ವಲ್ಪವೇ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಇದು ಬರೆದದ್ದು. ಮುತ್ಯಾನಿಗೆ ಹೇಳದೆ ಉಳಿದ ಬೋಲೆ ಠರಾವಿನ ಗತಿ ಇದಕ್ಕೆ ಬರಬಾರದಾದರೆ ಇದನ್ನು ಓದಿ ಹೇಳುವವರು ಬೇಕು, ಹಾರ್ಡಿಂಗನ ಹಾಗೆ ಸಭೆಯಲ್ಲಿ ಎದ್ದು ನಿಲ್ಲುವವರು ಬೇಕು.

ನಿಮ್ಮೂರಿನ ಸಾಲಿಗೆ ಹೋದಾಗ ಗೋಡೆಯ ಮೇಲೆ ತೂಗುಹಾಕಿದ ಹಳೆಯ ತಂಡದ ಫೋಟೋ ನೋಡಿರಿ. ಯಾರು ನಡುವೆ ಕುರ್ಚಿಯಲ್ಲಿ ಕೂತಿದ್ದಾರೆ, ಯಾರು ಅಂಚಿಗೆ ನಿಂತಿದ್ದಾರೆ, ಯಾರು ಇಲ್ಲವೇ ಇಲ್ಲ, ಎಣಿಸಿರಿ. ಆಮೇಲೆ ನೀರಿನ ಹರವಿ ಎಲ್ಲಿದೆ ಕೇಳಿರಿ, ತಂಬಗಿಯನ್ನು ಯಾರು ಅದ್ದುತ್ತಾರೆ ನೋಡಿರಿ. ನಮ್ಮ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.